ಹಳೇ ಕಾರು ಕೊಳ್ಳುವ ಮುಂಚೆ

ಸಂತೆಯಲ್ಲಿ ಎಮ್ಮೆ ಕೊಳ್ಳುವಾಗ ಏನು ಮಾಡುತ್ತೇವೆ? ಹಲ್ಲು ನೋಡುತ್ತೇವೆ. ಹಾಲು ಕರೆದು ನೋಡುತ್ತೇವೆ. ಹಳೇ ಕಾರನ್ನೂ ಹಾಗೆಯೇ ಪರೀಕ್ಷೆ ಮಾಡಬೇಕು. ಜೊತೆಗೆ ಅದರ ಕಾಗದವನ್ನೂ ನೋಡಬೇಕು.

ತಂಗಿ: ಅಕ್ಕಾ, ಪಕ್ಕದ ಊರಿನವರು ತಮ್ಮ ಕಾರು ಮಾರುತ್ತಾರಂತೆ. ನನ್ನ ಉಳಿತಾಯ, ಸಂಘದ ಸಾಲ ಸೇರಿಸಿ ಕೊಳ್ಳೋಣ ಅಂತಿದ್ದೇವೆ. ನಾಳೆಯೇ ಮುಂಗಡ ಕೊಡಬೇಕಂತೆ.

ಅಕ್ಕ: ಅವಸರ ಬೇಡ. ಆರ್.ಸಿ. ನೋಡಿದೆಯಾ?

ತಂಗಿ: ಹಾಗಂದರೆ?

ಅಕ್ಕ: ಹೊಲಕ್ಕೆ ಪಹಣಿ ಇದ್ದ ಹಾಗೆ ಕಾರಿಗೆ ಆರ್.ಸಿ. ಅದರಲ್ಲಿ ಮಾಲೀಕರ ಹೆಸರು ಇರುತ್ತೆ. ಮಾರುವವರ ಹೆಸರು ಇಲ್ಲದಿದ್ದರೆ ದುಡ್ಡು ಕೊಡಬೇಡ.

ತಂಗಿ: ಅದು ಇಂಗ್ಲಿಷಿನಲ್ಲಿ ಇರುತ್ತಲ್ಲ?

ಅಕ್ಕ: ಹೆಸರನ್ನು ಮಗಳ ಕೈಲಿ ಓದಿಸು. ಅಂಕಿ ನಿನಗೇ ಬರುತ್ತೆ. ಆರ್.ಸಿ.ಯಲ್ಲಿ ಚಾಸಿ ನಂಬರ್, ಎಂಜಿನ್ ನಂಬರ್ ಇರುತ್ತವೆ. ಕಾರಿನ ಮೇಲೂ ಅವೇ ಇರಬೇಕು. ಒಂದೊಂದಾಗಿ ತಾಳೆ ನೋಡು.

ತಂಗಿ: ಕಾರಿನ ಮೇಲೆ ಸಾಲ ಇತ್ತಂತೆ. ತೀರಿದೆ ಅಂದರು.

ಅಕ್ಕ: ಬಾಯಿ ಮಾತು ಸಾಲದು. ಸಾಲ ತೀರಿದೆ ಅಂತ ಬ್ಯಾಂಕು ಕೊಟ್ಟ ಪತ್ರ ಕೇಳು. ಗೊತ್ತಿರುವ ಮೆಕ್ಯಾನಿಕ್‌ಗೆ ಹಗಲು ಹೊತ್ತಿನಲ್ಲಿ ಕಾರು ತೋರಿಸು. ದುಡ್ಡು ಬ್ಯಾಂಕಿನ ಮೂಲಕ ಕೊಡು. ರಸೀದಿ ಬರೆಸಿಕೋ.

ತಂಗಿ: ಅಲ್ಲಿಗೆ ಮುಗಿಯಿತಾ?

ಅಕ್ಕ: ಇಲ್ಲ. ಹೆಸರು ಬದಲಾಗಬೇಕು. ಫಾರಂ 29, ಫಾರಂ 30 ತುಂಬಿ ಸಹಿಯಾಗಬೇಕು. ಖಾಲಿ ಫಾರಂಗೆ ಸಹಿ ಹಾಕಬೇಡ. ಕೊಂಡ 30 ದಿನದೊಳಗೆ ಆರ್.ಟಿ.ಓ. ಕಚೇರಿಗೆ ಅರ್ಜಿ ಕೊಡು. ವಿಮೆಯ ಹೆಸರು ಬದಲಿಸಲು 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡು.

ತಂಗಿ: ಮಾರುವವರು ಸಹಿಗೆ ಅಲೆದಾಡಿಸಿದರೆ?

ಅಕ್ಕ: ಹೆಸರು ಬದಲಾಗದಿದ್ದರೆ ಅವರಿಗೂ ತೊಂದರೆ. ಅಪಘಾತವಾದರೆ ಆರ್.ಸಿ.ಯಲ್ಲಿ ಹೆಸರು ಇರುವವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇದನ್ನು ಅವರಿಗೂ ತಿಳಿಸು.

ತಂಗಿ: ಕಾರನ್ನು ನಮ್ಮ ಯಜಮಾನರ ಹೆಸರಿಗೆ ಮಾಡಿಸೋಣ ಅಂತಿದ್ದೆ. ನನಗೆ ಓಡಿಸಲು ಬರೋದಿಲ್ಲವಲ್ಲ.

ಅಕ್ಕ: ಓಡಿಸಲು ಲೈಸೆನ್ಸ್ ಬೇಕು. ಮಾಲೀಕಳಾಗಲು ಬೇಡ. ಉಳಿತಾಯ ನಿನ್ನದು. ಸಂಘದ ಸಾಲ ತೀರಿಸುವವಳೂ ನೀನೇ. ಕಾರು ನಿನ್ನ ಹೆಸರಿಗೆ ಇರಲಿ. ಮನೆಯಲ್ಲಿ ಕೂತು ಮಾತಾಡು.

ತಂಗಿ: ಹಾಗಾದರೆ ನಾಳೆ ಮುಂಗಡ ಕೊಡೋದಿಲ್ಲ ಅಕ್ಕಾ. ಮೊದಲು ಕಾಗದ ನೋಡುತ್ತೇನೆ.

ಯೋಚಿಸಿ, ಉತ್ತರ ಬರೆಯಿರಿ

1. ಆರ್.ಸಿ.ಯಲ್ಲಿ ಏನೇನು ನೋಡಬೇಕು?
2. ಸಾಲ ತೀರಿದೆ ಎಂದು ಹೇಗೆ ತಿಳಿಯುತ್ತದೆ?
3. ವಿಮೆಯ ಹೆಸರು ಬದಲಿಸಲು ಎಷ್ಟು ದಿನದೊಳಗೆ ಅರ್ಜಿ ಕೊಡಬೇಕು?
4. ನಿಮ್ಮ ಮನೆಯಲ್ಲಿ ಯಾವ ಆಸ್ತಿ ನಿಮ್ಮ ಹೆಸರಿನಲ್ಲಿದೆ? ಎಲ್ಲರೂ ಸೇರಿ ಚರ್ಚಿಸಿ.