ಹಳ್ಳಿಯಿಂದ ಕಾಲೇಜಿಗೆ: ಹತ್ತನೇ ತರಗತಿಯಲ್ಲೇ ಶುರುವಾಗಬೇಕಾದ ಕೆಲಸ

ಧಾರವಾಡ ಜಿಲ್ಲೆಯ ಮೊರಬ, ಸಂಶಿ, ತಬಕದಹೊನ್ನಳ್ಳಿಯಂಥ ಊರುಗಳ ಜಾಣ ಮಕ್ಕಳಿಗೆ ಸೀಟು ತಪ್ಪುವುದು ಅಂಕ ಕಡಿಮೆ ಬಿದ್ದೇ ಅಲ್ಲ. ಎಷ್ಟೋ ಸಲ ಒಂದು ದಾಖಲೆ ಸಮಯಕ್ಕೆ ಸಿಗದೆ ತಪ್ಪುತ್ತದೆ. ಮನೆಯಲ್ಲಿ ಯಾರೂ ಕಾಲೇಜು ಮೆಟ್ಟಿಲು ಹತ್ತಿಲ್ಲದಿದ್ದರೆ ಹೇಳಿಕೊಡುವವರೂ ಇರುವುದಿಲ್ಲ. ಕೂಲಿಗೆ ಹೋಗುವ ತಾಯಿಗೆ, ನವಲಗುಂದದಲ್ಲಿ ಜಮಖಾನ ನೇಯುವ ಹೆಣ್ಣುಮಗಳಿಗೆ ಕಚೇರಿಗೆ ಒಮ್ಮೆ ಅಲೆದರೆ ಅವತ್ತಿನ ದುಡಿಮೆ ಹೋಯಿತು. ಅದಕ್ಕೇ ಬೇಗ ಶುರುಮಾಡಿ.

ಹಂತ 1: ಹೆಸರು ಎಲ್ಲ ಕಡೆ ಒಂದೇ ಇರಲಿ

ಇದು ಎಲ್ಲಕ್ಕಿಂತ ಮುಖ್ಯ. ಶಾಲೆಯ ದಾಖಲೆಯಲ್ಲಿ ‘ಶಾಹೀನಾ ಎಂ ನದಾಫ’, ಆಧಾರ್‌ನಲ್ಲಿ ‘ಶಹೀನಾಬಾನು ಮಹಬೂಬಸಾಬ ನದಾಫ’ ಎಂದಿದ್ದರೆ ಕಂಪ್ಯೂಟರ್ ಪಾಲಿಗೆ ಅವರು ಇಬ್ಬರು. ನಮ್ಮ ಕಡೆ ಅಡ್ಡಹೆಸರು ಒಮ್ಮೆ ಸೇರುತ್ತದೆ, ಒಮ್ಮೆ ಬಿಟ್ಟುಹೋಗುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆ ಶಾಲೆಯಿಂದ ಮಂಡಳಿಗೆ ಮಕ್ಕಳ ವಿವರ ಹೋಗುತ್ತದೆ. ಆಗಲೇ ಆಧಾರ್ ಪಕ್ಕಕ್ಕಿಟ್ಟುಕೊಂಡು ಹೆಸರು, ತಂದೆ-ತಾಯಿಯ ಹೆಸರು, ಜನ್ಮದಿನಾಂಕವನ್ನು ಅಕ್ಷರ ಅಕ್ಷರ ಹೋಲಿಸಿ. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದು ದೊಡ್ಡ ತಾಪತ್ರಯ.

ಹಂತ 2: ಜಾತಿ-ಆದಾಯ ಪ್ರಮಾಣಪತ್ರ

ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಪ್ರಮಾಣಪತ್ರದ ಮೇಲಿನ ಆರ್‌ಡಿ ನಂಬರನ್ನು ನೋಟ್‌ಬುಕ್ಕಿನಲ್ಲೂ ಬರೆದಿಡಿ. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ಗೂ ವೃತ್ತಿಪರ ಕೋರ್ಸ್‌ಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯ ಅರ್ಜಿಗೂ ಅದೇ ನಂಬರು ಬೇಕು. ಅವಧಿ ಮುಗಿದಿದೆಯೇ ನೋಡಿಕೊಳ್ಳಿ.

ಹಂತ 3: ಬ್ಯಾಂಕ್ ಖಾತೆ

ವಿದ್ಯಾರ್ಥಿಯ ಹೆಸರಲ್ಲೇ ಖಾತೆ ಇರಲಿ, ಆಧಾರ್ ಜೋಡಣೆ ಆಗಿರಲಿ. ಎರಡು ಖಾತೆ ಇದ್ದರೆ ಕೊನೆಗೆ ಜೋಡಿಸಿದ ಖಾತೆಗೇ ಹಣ ಬೀಳುತ್ತದೆ.

ಹಂತ 4: ಇಂಗ್ಲಿಷಿನ ಭಯ ಬಿಡಿಸಿ

ಕನ್ನಡ ಮಾಧ್ಯಮದಲ್ಲಿ ಕಲಿತ ಮಗು ಪಿಯು ವಿಜ್ಞಾನದ ಮೊದಲ ತಿಂಗಳುಗಳಲ್ಲಿ ಕಂಗೆಡುತ್ತದೆ. ಪಾಠ ಗೊತ್ತಿರುತ್ತದೆ, ಅದರ ಇಂಗ್ಲಿಷ್ ಹೆಸರು ಗೊತ್ತಿರುವುದಿಲ್ಲ. ಬೇಸಿಗೆ ರಜೆಯಲ್ಲೇ ಒಂದು ನೋಟ್‌ಬುಕ್ ಇಟ್ಟುಕೊಳ್ಳಲಿ: ಎಡಕ್ಕೆ ವೇಗೋತ್ಕರ್ಷ, ಬಲಕ್ಕೆ ಆಕ್ಸಲರೇಷನ್, ಎಡಕ್ಕೆ ಜಡತ್ವ, ಬಲಕ್ಕೆ ಇನರ್ಷಿಯಾ. ಒಂಬತ್ತು, ಹತ್ತನೇ ತರಗತಿಯ ಪುಸ್ತಕಗಳ ಕನ್ನಡ, ಇಂಗ್ಲಿಷ್ ಪ್ರತಿಗಳೆರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಟ್ಯೂಷನ್ ಇಲ್ಲದೆಯೂ ಇದು ಸಾಧ್ಯ. ಇಂಗ್ಲಿಷ್ ಹೆಸರು ಗೊತ್ತಿಲ್ಲದಿರುವುದಕ್ಕೂ ದಡ್ಡತನಕ್ಕೂ ಸಂಬಂಧವಿಲ್ಲ ಎಂದು ಮಗುವಿಗೆ ಹೇಳುತ್ತಲೇ ಇರಿ.

ಹಂತ 5: ದ್ವಿತೀಯ ಪಿಯು ಮತ್ತು ಸಿಇಟಿ

ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಮುಖ್ಯೋಪಾಧ್ಯಾಯರು ಬರೆದುಕೊಟ್ಟ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ನವಲಗುಂದ, ಅಣ್ಣಿಗೇರಿ ಪುರಸಭೆ ಮಿತಿಯೊಳಗಿನ ಶಾಲೆಯಲ್ಲಿ ಓದಿದ ವರ್ಷಗಳು ಗ್ರಾಮೀಣ ಲೆಕ್ಕಕ್ಕೆ ಬರುವುದಿಲ್ಲ. ಮಕ್ಕಳನ್ನು ಐದನೇ ತರಗತಿಗೆ ಪಟ್ಟಣದ ಶಾಲೆಗೆ ಹಾಕುವ ಮೊದಲೇ ಇದು ಗೊತ್ತಿರಬೇಕು.

ಸ್ವಂತ ಹೊಲವಿದ್ದರೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿಕರ ಕೋಟಾ ಬಿಡಬೇಡಿ. ಇದಕ್ಕೆ ಪ್ರಾಯೋಗಿಕ ಪರೀಕ್ಷೆ ಇದೆ. ಬೀಜ, ಬೆಳೆ, ಸಲಕರಣೆ ಗುರುತಿಸಬೇಕು. ಹೆಸರು, ಕಡಲೆ, ಕುಸುಬಿಯ ನಡುವೆ ಬೆಳೆದ ಮಗುವಿಗೆ ಇಲ್ಲಿ ತನ್ನ ಹೊಲವೇ ಪಾಠಶಾಲೆ. ಬಿ.ಎ., ಬಿ.ಕಾಂ. ಓದುವವರಿಗೆ ಸಿಇಟಿ ಬೇಡ. ಅವರು ಪದವಿ ಪ್ರವೇಶದ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ಹಂತ 6: ಇರುವ ಜಾಗ, ರೊಕ್ಕ

ಪ್ರವೇಶ ಸಿಕ್ಕ ಕೂಡಲೇ ಸರ್ಕಾರಿ ಹಾಸ್ಟೆಲ್‌ಗೆ ಆನ್‌ಲೈನ್ ಅರ್ಜಿ ಹಾಕಿ. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಇದೆ: ಊಟ-ವಸತಿಗೆಂದು 10 ತಿಂಗಳ ಲೆಕ್ಕದಲ್ಲಿ ಹಣ ಬರುತ್ತದೆ. ವೃತ್ತಿಪರ ಕೋರ್ಸ್ ಸೇರುವ ಅಲ್ಪಸಂಖ್ಯಾತರು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಕೇಳಬಹುದು. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆ ಬಂದ ಮೇಲೆ ಅಣ್ಣಿಗೇರಿಯ ಹುಡುಗಿ ಹುಬ್ಬಳ್ಳಿಗೋ ಗದಗಿಗೋ ಬಸ್ ಚಾರ್ಜಿಲ್ಲದೆ ಹೋಗಿಬರಬಹುದು. “ಹುಡುಗೀನ್ನ ಅಷ್ಟು ದೂರ ಕಳಸೂದು ಹ್ಯಾಂಗ?” ಎನ್ನುವ ಅಜ್ಜಿಗೆ ಮೊದಲ ವಾರ ಅದೇ ಬಸ್ಸಿನಲ್ಲಿ ಕಾಲೇಜು ತೋರಿಸಿ ಕರೆತನ್ನಿ.

ಎಸ್‌ಎಸ್‌ಪಿ ಅರ್ಜಿಯನ್ನು ಪ್ರತಿ ವರ್ಷವೂ ಹಾಕಬೇಕು. ಎರಡನೇ ವರ್ಷ ತಾನಾಗಿ ಬರುತ್ತದೆಂದು ಸುಮ್ಮನೆ ಕೂರಬೇಡಿ.