ಮಳೆಗಾಲಕ್ಕೆ ಮುನ್ನ ಕಾರಿಗೆ ಯಾವ ವ್ಯಾಕ್ಸ್?

ಕಳಸ, ಹೊರನಾಡು, ಸಂಸೆ ಕಡೆಯವರಿಗೆ ಗಾಡಿಯ ಬಣ್ಣ ಉಳಿಸಿಕೊಳ್ಳುವುದು ಸುಲಭವಲ್ಲ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಕಿಟಕಿಯ ರಬ್ಬರಿಗೆ ಪಾಚಿ ಹಿಡಿಯುತ್ತದೆ, ಹಲಸಿನ ಮರದಡಿ ನಿಲ್ಲಿಸಿದರೆ ಮೇಣ ಅಂಟುತ್ತದೆ, ತೋಟದಲ್ಲಿ ಬೋರ್ಡೋ ಹೊಡೆಯುವಾಗ ನೀಲಿ ಹನಿ ಸಿಡಿಯುತ್ತದೆ. ಡಬ್ಬಿಯ ಮೇಲಿನ ಹೊಳಪು ನೋಡಿ ವ್ಯಾಕ್ಸ್ ಕೊಂಡರೆ ಇಲ್ಲಿ ಸಾಲದು. ನಿಮ್ಮ ಗಾಡಿಯ ಬಣ್ಣಕ್ಕೆ, ನಿಮ್ಮೂರಿನ ಮಳೆಗೆ ಯಾವುದು ನಿಲ್ಲುತ್ತದೆಂದು ಬಾನೆಟ್ ಮೇಲೆಯೇ ಪರೀಕ್ಷಿಸಿ. ಅದಕ್ಕೆ ಏಪ್ರಿಲ್, ಮೇ ತಿಂಗಳ ಒಣ ಬೆಳಗು ಸರಿಯಾದ ಹೊತ್ತು.

1. ಬಣ್ಣ ಯಾವುದೆಂದು ತಿಳಿಯಿರಿ

ಈಗಿನ ಹೆಚ್ಚಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ತೋಟದ ಹಳೆಯ ಜೀಪು, ಹಳೆಯ ಮಾರುತಿ 800ರಂಥ ಗಾಡಿಗಳಲ್ಲಿ ಅದು ಇಲ್ಲದಿರಬಹುದು. ಬಾಗಿಲಿನ ಕೆಳಭಾಗದ ಮೂಲೆಯಲ್ಲಿ ಸ್ವಲ್ಪ ಪಾಲಿಶ್ ಹಾಕಿ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಟ್ಟೆಗೆ ಗಾಡಿಯ ಬಣ್ಣ ಹತ್ತಿದರೆ ಮೇಲುಪದರ ಇಲ್ಲ ಎಂದರ್ಥ. ಗಾಡಿಯೇ ಬಿಳಿಯಾಗಿದ್ದರೆ ಕಪ್ಪು ಬಟ್ಟೆ ಬಳಸಿ. ಹೊಳಪಿಲ್ಲದ ಮ್ಯಾಟ್ ಬಣ್ಣಕ್ಕೆ ಸಾಮಾನ್ಯ ವ್ಯಾಕ್ಸ್ ಬೇಡವೇ ಬೇಡ, ಕಲೆ ಕಲೆಯಾಗುತ್ತದೆ. ಹೊಸದಾಗಿ ಪೇಂಟ್ ಮಾಡಿಸಿದ್ದರೆ ಒಳಗಿನ ದ್ರಾವಕ ಆರಿಹೋಗಲು ಎರಡು ಮೂರು ತಿಂಗಳು ಬಿಡಿ.

2. ಬಣ್ಣಕ್ಕೆ ತಕ್ಕ ವ್ಯಾಕ್ಸ್ ಆರಿಸಿ

ಕಾರ್ನೌಬಾ: ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಜಾತಿಯ ತಾಳೆಮರದ ಎಲೆಯಿಂದ ಬರುವ ಮೇಣ. ಕಪ್ಪು, ಕೆಂಪು, ಕಡುನೀಲಿ ಬಣ್ಣಗಳಿಗೆ ಒಳ್ಳೆಯ ಮೆರುಗು ಕೊಡುತ್ತದೆ. ಆದರೆ ನಮ್ಮ ಜಡಿಮಳೆಗೆ ಕೆಲವೇ ವಾರ ನಿಲ್ಲುತ್ತದೆ.

ಸಿಂಥೆಟಿಕ್ ಸೀಲೆಂಟ್: ಪಾಲಿಮರ್‌ನಿಂದ ತಯಾರಾದದ್ದು. ಕೆಲವು ತಿಂಗಳು ಬಾಳುತ್ತದೆ. ಬಿಳಿ, ಬೆಳ್ಳಿ, ಮೆಟಾಲಿಕ್ ಬಣ್ಣದ, ದಿನಾ ಘಾಟಿ ಹತ್ತಿಳಿಯುವ ಗಾಡಿಗೆ ಇದೇ ಲೇಸು.

ಕ್ಲೀನರ್ ವ್ಯಾಕ್ಸ್: ಇದರಲ್ಲಿ ಬಣ್ಣವನ್ನು ಸವೆಸುವ ನುಣ್ಣನೆಯ ಪುಡಿ ಇರುತ್ತದೆ. ಮಂಕಾದ ಹಳೆಯ ಬಣ್ಣಕ್ಕೆ ಅಪರೂಪಕ್ಕೊಮ್ಮೆ ಸರಿ, ಹೊಸ ಕಾರಿಗೆ ಬೇಡ.

3. ಮೈ ಶುದ್ಧ ಮಾಡಿ

ಮೊದಲು ಬರೀ ನೀರು ಹಾಯಿಸಿ ಕೆಮ್ಮಣ್ಣು ಇಳಿಸಿ. ಮಣ್ಣಿರುವಾಗಲೇ ಉಜ್ಜಿದರೆ ಗೀರು ಖಚಿತ. ಆಮೇಲೆ ಕಾರ್ ಶಾಂಪೂ ಹಾಕಿ ತೊಳೆಯಿರಿ. ಬಟ್ಟೆ ಸೋಪಿನ ಪುಡಿ ವ್ಯಾಕ್ಸನ್ನೇ ಕಿತ್ತುಹಾಕುತ್ತದೆ. ಸೀಮೆಎಣ್ಣೆ, ಡೀಸೆಲ್‌ನಲ್ಲಿ ಒರೆಸುವ ಅಭ್ಯಾಸವನ್ನೂ ಬಿಡಿ. ಹಲಸಿನ ಮೇಣಕ್ಕೆ ಕೊಬ್ಬರಿ ಎಣ್ಣೆ ಸವರಿ, ಮೆತ್ತಗಾದ ಮೇಲೆ ಒರೆಸಿ ಶಾಂಪೂವಿನಲ್ಲಿ ತೊಳೆಯಿರಿ. ಪೂರ್ತಿ ಒಣಗಿದ ಮೇಲೆ ಅಂಗೈ ಆಡಿಸಿ ನೋಡಿ. ಇನ್ನೂ ತರಿತರಿ ಎನಿಸಿದರೆ, ಅಂಟಿದ ಕೊಳೆ ಎತ್ತುವ ಜೇಡಿಯಂಥ ಮುದ್ದೆ, ಅಂದರೆ ಡೀಟೇಲಿಂಗ್ ಕ್ಲೇ ಬಳಸಬೇಕು.

4. ಅರ್ಧ ಬಾನೆಟ್ ಪರೀಕ್ಷೆ

ಬಾನೆಟ್ ಮಧ್ಯಕ್ಕೆ ಉದ್ದಕ್ಕೂ ಮಾಸ್ಕಿಂಗ್ ಟೇಪ್ ಅಂಟಿಸಿ ಎಡ, ಬಲ ಎಂದು ಭಾಗ ಮಾಡಿ. ಒಂದು ಬದಿಗೆ ಕಾರ್ನೌಬಾ, ಇನ್ನೊಂದು ಬದಿಗೆ ಸೀಲೆಂಟ್. ನೆರಳಿನಲ್ಲೇ, ಬಾನೆಟ್ ತಣ್ಣಗಿದ್ದಾಗಲೇ ಹಚ್ಚಿ. ತೀರಾ ತೆಳುವಾಗಿರಲಿ, ದಪ್ಪ ಹಚ್ಚಿದರೆ ಒರೆಸುವುದು ಕಷ್ಟ, ಲಾಭವೂ ಇಲ್ಲ. ಕಪ್ಪು ಪ್ಲಾಸ್ಟಿಕ್ ಭಾಗಗಳಿಗೆ ತಾಗಿದರೆ ಬಿಳಿ ಕಲೆ ಉಳಿಯುತ್ತದೆ.

ನಮ್ಮ ತೇವದ ಹವೆಯಲ್ಲಿ ಡಬ್ಬಿಯ ಮೇಲೆ ಬರೆದ ನಿಮಿಷಗಳನ್ನು ನಂಬಬೇಡಿ. ಬೆರಳಿನಿಂದ ಒಂದು ಗೆರೆ ಎಳೆದು ನೋಡಿ. ಗೆರೆ ಸ್ವಚ್ಛವಾಗಿ ಮೂಡಿದರೆ ಆರಿದೆ. ಮೆತ್ತಿಕೊಂಡರೆ ಇನ್ನೂ ಕಾಯಿರಿ. ಆರಿದ ಮೇಲೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಯಾವ ಬದಿಗೆ ಯಾವುದು, ಯಾವ ದಿನ ಹಚ್ಚಿದ್ದು ಎಂದು ಬರೆದಿಡಿ.

5. ಫಲಿತಾಂಶ ನೋಡುವುದು ಹೇಗೆ?

ವಾರಕ್ಕೊಮ್ಮೆ ಶಾಂಪೂ ಹಾಕಿ ತೊಳೆದು, ಎರಡೂ ಬದಿಗೆ ನೀರು ಚಿಮುಕಿಸಿ. ಹನಿ ಗುಂಡಗೆ ನಿಂತು ಜಾರಿದರೆ ವ್ಯಾಕ್ಸ್ ಇದೆ. ನೀರು ಚಪ್ಪಟೆಯಾಗಿ ಹರಡಿ ಕೂತರೆ ಮುಗಿದಿದೆ. ತೊಳೆಯದೆ ನೋಡಿದರೆ ಮೋಸ ಹೋಗುತ್ತೀರಿ, ಏಕೆಂದರೆ ಕೊಳೆ ಕೂತಾಗಲೂ ಹನಿ ನಿಲ್ಲುವುದಿಲ್ಲ. ಹೆಚ್ಚು ವಾರ ತಡೆದದ್ದನ್ನೇ ಇಡೀ ಗಾಡಿಗೆ ಹಚ್ಚಿ.

6. ಮಳೆಗಾಲದ ನಿಗಾ

ಬೋರ್ಡೋ ದ್ರಾವಣದಲ್ಲಿ ಮೈಲುತುತ್ತವೂ ಸುಣ್ಣವೂ ಇವೆ. ಅಡಿಕೆಗೋ ಕಾಫಿಗೋ ಸಿಂಪಡಿಸುವ ದಿನ ಗಾಡಿಯನ್ನು ದೂರ ನಿಲ್ಲಿಸಿ. ಹನಿ ಬಿದ್ದರೆ ಕೂಡಲೇ ನೀರು ಸುರಿಯಿರಿ. ಒಣಗಿದ್ದರೆ ಉಗುರಿನಿಂದ ಕೆರೆಯದೆ, ನೀರು ಬೆರೆಸಿದ ವಿನೆಗರ್‌ನಲ್ಲಿ ಅದ್ದಿದ ಬಟ್ಟೆ ಇಟ್ಟು ನೆನೆಸಿ, ಚೆನ್ನಾಗಿ ತೊಳೆದು, ಅಷ್ಟು ಜಾಗಕ್ಕೆ ಮತ್ತೆ ವ್ಯಾಕ್ಸ್ ಹಚ್ಚಿ. ಹಕ್ಕಿ ಹಿಕ್ಕೆಯನ್ನೂ ಅವತ್ತೇ ತೆಗೆಯಿರಿ. ವ್ಯಾಕ್ಸ್ ಸ್ವಲ್ಪ ಹೊತ್ತು ತಡೆಯುತ್ತದೆಯೇ ಹೊರತು ಪೂರ್ತಿ ಕಾಯುವುದಿಲ್ಲ.

ಗಾಡಿಯ ತಳಕ್ಕೆ ವ್ಯಾಕ್ಸ್‌ನಿಂದ ರಕ್ಷಣೆಯಿಲ್ಲ. ಅಲ್ಲಿಗೆ ಅಂಡರ್‌ಬಾಡಿ ಕೋಟಿಂಗ್ ಬೇರೆ ಮಾಡಿಸಿ. ಮೇನಲ್ಲಿ ಒಮ್ಮೆ, ಮಳೆ ಹಿಂದಾದ ಮೇಲೆ ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಹಚ್ಚುವುದನ್ನು ರೂಢಿ ಮಾಡಿಕೊಂಡರೆ ಕಾಫಿ ಕುಯಿಲಿನ ಗಡಿಬಿಡಿಗೆ ಮೊದಲೇ ಈ ಕೆಲಸ ಮುಗಿದಿರುತ್ತದೆ.