ಹಸು ತಾಳುತ್ತದೆ, ಕುದುರೆ ತಾಳದು

ಕುಣಿಗಲ್ ಸೀಮೆ ಟಿಪ್ಪು ಕಾಲದಿಂದಲೂ ಕುದುರೆ ಬೆಳೆಸಿದ ನೆಲ. ಆದರೂ ಇಲ್ಲಿನ ರೈತರ ಮನೆಗಳಲ್ಲಿ ತಲೆಮಾರಿನಿಂದ ಉಳಿದು ಬಂದಿರುವ ತಿಳಿವಳಿಕೆ ದನಕರುಗಳದು. ನಮ್ಮದೂ ಅಂಥದ್ದೇ ಮನೆ. ತೆಂಗು, ರಾಗಿ, ಮೂರು ಹಸು. ಜೊತೆಗೆ ರೇಸ್ ಬಿಟ್ಟು ಬಂದ ಎರಡು ಥರೋಬ್ರೆಡ್ ಹೆಣ್ಣು ಕುದುರೆ, ಒಂದು ಕಾಠಿಯಾವಾಡಿ, ಒಂದು ಮರಿ. ಹಸು ಸಾಕಿದ ಕೈಯಲ್ಲೇ ಕುದುರೆ ಸಾಕುತ್ತೇವೆ. ವರ್ಷದ ಉಳಿದ ದಿನ ಅದು ಹೇಗೋ ನಡೆದೀತು. ಯುಗಾದಿಯಿಂದ ಮುಂಗಾರು ಹಿಡಿಯುವವರೆಗೆ ನಡೆಯುವುದಿಲ್ಲ. ಹೊಸದಾಗಿ ಕುದುರೆ ಕಟ್ಟುವವರು ಬಂದು ಕೇಳಿದಾಗ ನಾನು ಹೇಳುವ ಮಾತುಗಳು ಇವು.

1. ನೀರು ಇಟ್ಟರೆ ಸಾಲದು, ಕುಡಿದದ್ದು ಗೊತ್ತಿರಬೇಕು.

400 ಕೆ.ಜಿ. ತೂಗುವ ಕುದುರೆಗೆ ತಂಪು ದಿನಗಳಲ್ಲಿ 20–25 ಲೀಟರ್ ನೀರು ಸಾಕಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಅದು 40 ಲೀಟರ್ ದಾಟುತ್ತದೆ. ಹಾಲೂಡಿಸುವ ತಾಯಿಗೆ ಇನ್ನೂ ಹೆಚ್ಚು ಬೇಕು. ಮಾಳಿಗೆ ಮೇಲಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನಿಂದ ಮಧ್ಯಾಹ್ನ ಬರುವ ನೀರು ಕೈ ಸುಡುವಷ್ಟು ಬಿಸಿಯಾಗಿರುತ್ತದೆ. ಕುದುರೆ ಅದಕ್ಕೆ ಮೂತಿ ತಾಗಿಸಿ ತಲೆ ಎತ್ತಿಬಿಡುತ್ತದೆ. ಬಾಯಾರಿಕೆ ಇಲ್ಲವೆಂದು ನಾವು ತಿರುಗಿ ಬಂದರೆ ಮಾರನೆಯ ಬೆಳಿಗ್ಗೆ ಲದ್ದಿ ಗಟ್ಟಿ ಉಂಡೆಯಾಗಿ, ಮೇಲೆ ಲೋಳೆ ಹೊದ್ದು ಬೀಳುತ್ತದೆ. ಹೊಟ್ಟೆನೋವಿನ ಮುನ್ಸೂಚನೆ ಅದು.

ನಮ್ಮಲ್ಲಿ ತೊಟ್ಟಿ ಹೊಂಗೆ ಮರದ ಕೆಳಗಿದೆ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಬೋರ್‌ವೆಲ್ಲಿನಿಂದ ನೇರವಾಗಿ ತುಂಬಿಸುತ್ತೇವೆ. ಆ ನೀರು ಮರುದಿನ ಮಧ್ಯಾಹ್ನಕ್ಕೂ ತಂಪಾಗಿರುತ್ತದೆ. ಪಾಚಿ ಕಟ್ಟುವ ಮೊದಲೇ ತೊಟ್ಟಿ ಉಜ್ಜಿ ತೊಳೆಯಬೇಕು. ಲಾಯದೊಳಗೆ ಮಾತ್ರ ಬಕೆಟ್ಟೇ ಇರಲಿ. ಯಾವ ಕುದುರೆ ಎಷ್ಟು ಕುಡಿಯಿತೆಂದು ತೊಟ್ಟಿ ಹೇಳುವುದಿಲ್ಲ, ಬಕೆಟ್ ಹೇಳುತ್ತದೆ. ಅನುಮಾನ ಬಂದರೆ ಕತ್ತಿನ ಚರ್ಮವನ್ನು ಚಿವುಟಿ ಬಿಡಿ. ಎರಡು ಸೆಕೆಂಡಿನೊಳಗೆ ಮೊದಲಿನಂತಾಗದಿದ್ದರೆ, ಒಸಡು ಅಂಟಂಟಾಗಿದ್ದರೆ, ಮೈಯಲ್ಲಿ ನೀರು ಕಡಿಮೆಯಾಗಿದೆ.

2. ಮೊದಲು ಉಪ್ಪು.

ಕುದುರೆಯ ಬೆವರು ಅದರ ರಕ್ತಕ್ಕಿಂತ ಉಪ್ಪು. ನೀರಿನ ಜೊತೆ ಉಪ್ಪೂ ಹರಿದು ಹೋಗುವುದರಿಂದ ಮೈ ಒಣಗಿದರೂ ಅದಕ್ಕೆ ಬಾಯಾರಿಕೆಯ ಅರಿವಾಗದೆ ಹೋಗಬಹುದು. ನಾವು ಬೇಸಿಗೆಯಲ್ಲಿ ದಾಣದ ಜೊತೆ ದಿನಕ್ಕೆ ಎರಡು ದೊಡ್ಡ ಚಮಚ ಉಪ್ಪು ಕಲಸುತ್ತೇವೆ, ಲಾಯದಲ್ಲಿ ನೆಕ್ಕಲು ಸೈಂಧವ ಲವಣದ ಗಟ್ಟಿ ತೂಗು ಹಾಕುತ್ತೇವೆ. ಉಪ್ಪು ತಿಂದ ಕುದುರೆ ತಾನಾಗಿ ನೀರಿನ ಬಳಿ ಹೋಗುತ್ತದೆ.

ಬಿಸಿಲಲ್ಲಿ ಬೆವರುವ ಕುದುರೆಗೆ ಹೆದರಬೇಡಿ, ಬೆವರದ ಕುದುರೆಗೆ ಹೆದರಿ. ಜೊತೆಯವು ತೊಯ್ದು ನಿಂತಿದ್ದರೂ ಒಂದರ ಮೈ ಒಣಗಿದ್ದು, ಪಕ್ಕೆ ಬಡಿದುಕೊಳ್ಳುತ್ತಿದ್ದರೆ ಅದಕ್ಕೆ ಬೆವರು ನಿಂತುಹೋಗುವ ಕಾಯಿಲೆ ಇರಬಹುದು. ಅಂಥ ಕುದುರೆಯನ್ನು ನೆರಳಿಗೆ ತಂದು, ಮೈಮೇಲೆ ನೀರು ಹಾಕುತ್ತಲೇ ಡಾಕ್ಟರಿಗೆ ಫೋನ್ ಮಾಡಬೇಕು.

3. ಸವಾರಿ ಬೆಳಗಿನ ಏಳೂವರೆಗೆ ಮುಗಿಯಲಿ.

ಸಂಜೆ ತಂಪೆನಿಸಿದರೂ ನೆಲ ಕಾದಿರುತ್ತದೆ. ಸವಾರಿ ಮುಗಿದ ಮೇಲೆ ಪಕ್ಕೆ ನೋಡುತ್ತ ಉಸಿರು ಎಣಿಸಿ. ಸುಮ್ಮನೆ ನಿಂತ ಕುದುರೆಗೆ ನಿಮಿಷಕ್ಕೆ 8ರಿಂದ 16 ಉಸಿರು. ಅರ್ಧ ಗಂಟೆ ಕಳೆದರೂ ಅದರ ಹತ್ತಿರಕ್ಕೆ ಇಳಿಯದಿದ್ದರೆ ಥರ್ಮಾಮೀಟರ್ ಇಡಬೇಕು. 38.3 ಡಿಗ್ರಿ ಸೆಲ್ಸಿಯಸ್‌ವರೆಗೆ ಸಹಜ, 40 ದಾಟಿದರೆ ತುರ್ತು.

ಬಿಸಿ ಮೈಗೆ ತಣ್ಣೀರು ಸುರಿದರೆ ಕುದುರೆಗೆ ಕಾಲು ಹಿಡಿಯುತ್ತದೆಂಬ ಮಾತು ಲಾಯಗಳಲ್ಲಿ ಇನ್ನೂ ಓಡಾಡುತ್ತಿದೆ. 1996ರ ಅಟ್ಲಾಂಟಾ ಒಲಿಂಪಿಕ್ಸ್ ಸೆಕೆಯಲ್ಲಿ ನಡೆಯಬೇಕಿದ್ದುದರಿಂದ ವಿಜ್ಞಾನಿಗಳು ಅದಕ್ಕೆ ಮುಂಚೆ ಇದನ್ನೇ ಪರೀಕ್ಷಿಸಿದರು. ತಣ್ಣೀರಿನಿಂದ ಕೇಡಿಲ್ಲ, ಬಿಸಿ ಇಳಿಸಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲವೆಂದು ತಿಳಿದುಬಂತು. ಒಂದೇ ಬಕೆಟ್ ಸುರಿದು ನಿಲ್ಲಿಸಬೇಡಿ, ಮೈ ಬಿಸಿ ಇಳಿಯುವವರೆಗೂ ಸುರಿಯುತ್ತಲೇ ಇರಿ.

4. ಹಸುವಿನ ಮೇವು ಕುದುರೆಗೆ ಹಾಗೆಯೇ ಒಗ್ಗದು.

ನಮ್ಮ ಅತ್ತೆ ಹುರುಳಿ ಬೇಯಿಸಿದ ದಿನ ಮೊದಲ ಪಾಲು ಕುದುರೆಗೇ ಎತ್ತಿಡುತ್ತಾರೆ. ಬೇಸಿಗೆಯಲ್ಲಿ ನಾನು ಅದನ್ನು ಅರ್ಧಕ್ಕೆ ಇಳಿಸಿದಾಗ, "ಬಾಯಿಲ್ಲದ ಜೀವ ಕಣಮ್ಮ, ಹೊಟ್ಟೆಗೆ ಕಡಿಮೆ ಮಾಡಬ್ಯಾಡ" ಅಂದರು. "ಹೊಟ್ಟೆಗೆ ಕಡಿಮೆ ಮಾಡ್ತಿಲ್ಲ ಅತ್ತೆ, ಹುಲ್ಲು ಜಾಸ್ತಿ ಹಾಕ್ತೀನಿ" ಅಂದೆ. ಹುರುಳಿ ಉಷ್ಣ ಎಂದು ಹಿರಿಯರೇ ಹೇಳುತ್ತಿದ್ದದ್ದು. ಅದರಲ್ಲಿ ಶೇ. 22ರಷ್ಟು ಪ್ರೋಟೀನ್ ಇದೆ. ಬೇಕಾದದ್ದಕ್ಕಿಂತ ಹೆಚ್ಚಾದ ಪ್ರೋಟೀನ್ ಕರಗುವಾಗ ಮೈಯ ಬಿಸಿ ಏರುತ್ತದೆ, ಮೂತ್ರದಲ್ಲಿ ನೀರೂ ಹೆಚ್ಚು ಹೋಗುತ್ತದೆ.

ಒಣ ರಾಗಿ ಹುಲ್ಲನ್ನು ಹಸು ಮೆಲುಕು ಹಾಕಿ ಅರಗಿಸಿಕೊಳ್ಳುತ್ತದೆ. ಕುದುರೆಗೆ ಮೆಲುಕಿಲ್ಲ. ನೀರು ಸಾಲದ ದಿನ ಆ ಹುಲ್ಲು ದೊಡ್ಡ ಕರುಳಿನ ತಿರುವಿನಲ್ಲಿ ಗೂಟದಂತೆ ಸಿಕ್ಕಿಕೊಳ್ಳುತ್ತದೆ. ನೆನೆಸಿ ಹಾಕಿ, ಸ್ವಲ್ಪವೇ ಹಾಕಿ. ನೇಪಿಯರ್ ಹುಲ್ಲಿನದು ಇನ್ನೊಂದು ಕಥೆ. ಅದರಲ್ಲಿನ ಆಕ್ಸಲೇಟ್ ಕುದುರೆಗೆ ಸುಣ್ಣದಂಶ ದಕ್ಕದಂತೆ ಮಾಡುತ್ತದೆ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಆ ಆಕ್ಸಲೇಟನ್ನು ಒಡೆದು ಹಾಕುತ್ತವೆ. ಕುದುರೆಗೆ ತಿಂಗಳುಗಟ್ಟಲೆ ಬರೀ ನೇಪಿಯರ್, ಮೇಲೆ ಬೂಸ ಹಾಕಿದರೆ ಮುಖದ ಎಲುಬು ಊದಿಕೊಂಡು ಕುಂಟತೊಡಗುತ್ತದೆ. ಒಂದೆರಡು ಗುಂಟೆಯಲ್ಲಿ ಕುದುರೆ ಮೆಂತೆ ಹಾಕಿಕೊಳ್ಳಿ, ಅದರಲ್ಲಿ ಸುಣ್ಣದಂಶ ಧಾರಾಳವಾಗಿದೆ.

5. ದನದ ಔಷಧಿಯ ಕಪಾಟು ಬೇರೆ, ಕುದುರೆಯ ಕಪಾಟು ಬೇರೆ.

ಬೇಸಿಗೆ ಬಂತೆಂದರೆ ಉಣ್ಣಿ. ಹಸುಗಳಿಗೆ ಬಳಿಯುವ ಅಮಿಟ್ರಾಜ್ ಔಷಧಿಯನ್ನು ಕುದುರೆಗೆ ಬಳಿದರೆ ಕರುಳಿನ ಚಲನೆಯೇ ನಿಂತುಹೋಗಬಹುದು. ಕೋಳಿ ಆಹಾರದಲ್ಲಿ ಬಳಸುವ ಮೊನೆನ್ಸಿನ್ ತೀರ ಕಡಿಮೆ ಪ್ರಮಾಣದಲ್ಲೂ ಕುದುರೆಯ ಹೃದಯಕ್ಕೆ ವಿಷ. ಕೋಳಿ ಆಹಾರದ ಖಾಲಿ ಚೀಲದಲ್ಲಿ ಕುದುರೆಯ ದಾಣ ತುಂಬಿಡಬೇಡಿ. ಬೇಲಿಯಂಚಿನ ಕಣಗಿಲೆ, ಹರಳು ಗಿಡಗಳನ್ನೂ ಕಿತ್ತು ಹಾಕಿ. ಹಸಿರು ಒಣಗಿದ ಕಾಲದಲ್ಲಿ ಹಸಿದ ಕುದುರೆ ಎಂದೂ ಮುಟ್ಟದ್ದನ್ನು ಮುಟ್ಟುತ್ತದೆ.

6. ಸಣ್ಣ ಗಾಯವೆಂಬುದಿಲ್ಲ.

ಗಾಯದ ಮೇಲೆ ಕೂತ ನೊಣ ಹೊಟ್ಟೆಹುಳದ ಮರಿಗಳನ್ನು ಅಲ್ಲಿ ಬಿಡುತ್ತದೆ. ಅದರಿಂದ ಏಳುವ ಬೇಸಿಗೆ ಹುಣ್ಣು ತಿಂಗಳಾದರೂ ಮಾಯುವುದಿಲ್ಲ. ಧನುರ್ವಾಯು ಕುದುರೆಗೆ ತಗಲುವಷ್ಟು ಸುಲಭವಾಗಿ ಬೇರೆ ಸಾಕುಪ್ರಾಣಿಗೆ ತಗಲದು, ಲಸಿಕೆ ತಪ್ಪಿಸಬೇಡಿ. ಮುಳ್ಳುತಂತಿ ಬೇಲಿ ತೆಗೆಸಿ. ಅಶ್ವಿನಿ ಮಳೆಯ ಮೊದಲ ಗುಡುಗಿಗೆ ಹಸು ಕಿವಿ ನಿಮಿರಿಸುತ್ತದೆ, ಕುದುರೆ ಓಡುತ್ತದೆ. ಲದ್ದಿಯನ್ನು ದಿನವೂ ಎತ್ತಿ ದೂರದ ತಿಪ್ಪೆಗೆ ಹಾಕಿ. ಈ ಬಿಸಿಯಲ್ಲಿ ಮೊಟ್ಟೆ ನೊಣವಾಗಲು ವಾರ, ಹತ್ತು ದಿನ ಸಾಕು.

7. ಹೊಟ್ಟೆನೋವಿಗೆ ಗೊಟ್ಟ ಹಾಕಬೇಡಿ.

ಹಸು ಹೊಟ್ಟೆ ಉಬ್ಬರಿಸಿದರೆ ಗೊಟ್ಟದಲ್ಲಿ ಎಣ್ಣೆ ಕುಡಿಸುವುದು ನಮ್ಮ ಕಡೆಯ ರೂಢಿ. ಕುದುರೆಯ ತಲೆ ಎತ್ತಿ ಹಾಗೆ ಸುರಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಡಾಕ್ಟರು ಮೂಗಿನಿಂದ ಹೊಟ್ಟೆಗೇ ಕೊಳವೆ ಇಳಿಸಿ ಕೊಡುತ್ತಾರೆ, ಅದು ಅವರ ಕೆಲಸ. ಕುದುರೆಗೆ ವಾಂತಿ ಮಾಡಲು ಬಾರದು, ಹೊಟ್ಟೆ ತುಂಬಿ ಬಿಗಿದರೆ ಒಡೆದೇ ಹೋಗಬಹುದು. ಮೇವು ಬಿಟ್ಟು ಪಕ್ಕೆ ತಿರುಗಿ ನೋಡುವುದು, ಮುಂಗಾಲಲ್ಲಿ ನೆಲ ಕೆರೆಯುವುದು, ಮಲಗಿ ಹೊರಳುವುದು: ಇಷ್ಟು ಕಂಡರೆ ದಾಣ ತೆಗೆದಿಟ್ಟು ಫೋನ್ ಮಾಡಿ. ನಾಡಿ ಎಷ್ಟು, ಕೊನೆಯ ಲದ್ದಿ ಯಾವಾಗ ಬಿತ್ತು, ಒಸಡಿನ ಬಣ್ಣ ಏನು ಎಂಬುದನ್ನು ಮೊದಲೇ ನೋಡಿಟ್ಟುಕೊಳ್ಳಿ. ನಾಡಿ ಸಾಮಾನ್ಯವಾಗಿ ನಿಮಿಷಕ್ಕೆ 28ರಿಂದ 44. 60 ದಾಟಿದ್ದರೆ ಅದನ್ನೇ ಮೊದಲು ಹೇಳಿ. ನಮ್ಮ ಹಳ್ಳಿಗಳ ಪಶು ಆಸ್ಪತ್ರೆಗಳಿಗೆ ಬರುವುದು ಹೆಚ್ಚಾಗಿ ದನ, ಕುರಿ. ಕುದುರೆ ನೋಡಿ ಅಭ್ಯಾಸವಿರುವ ಡಾಕ್ಟರನ್ನು ಶಿವರಾತ್ರಿಗೆ ಮುಂಚೆಯೇ ಹುಡುಕಿಟ್ಟುಕೊಂಡಿರಬೇಕು.

8. ಮರಿ ಹಾಕಿದ ರಾತ್ರಿ ಗಡಿಯಾರ ನೋಡಿ.

ಒಂದು ಗಂಟೆಯೊಳಗೆ ಮರಿ ಏಳಬೇಕು, ಎರಡು ಗಂಟೆಯೊಳಗೆ ಮೊಲೆ ಹಿಡಿಯಬೇಕು, ಮೂರು ಗಂಟೆಯೊಳಗೆ ಮಾಸು ಬೀಳಬೇಕು. ಹಸುವಿಗಾದರೆ ಮಾಸಿಗೆ ಅರ್ಧ ದಿನ ಕಾಯುತ್ತೇವೆ. ಕುದುರೆಗೆ ಅಷ್ಟು ಕಾದರೆ ನಂಜೇರಿ ಗೊರಸಿನವರೆಗೂ ಬೇನೆ ಇಳಿಯುತ್ತದೆ. ಬಿದ್ದ ಮಾಸನ್ನು ನೆಲದ ಮೇಲೆ ಹರಡಿ, ತುಂಡು ಒಳಗೆ ಉಳಿದಿಲ್ಲವೆಂದು ನೋಡಿಕೊಳ್ಳಿ.

9. ರಜೆಗೆ ಬಂದ ಮಕ್ಕಳಿಗೆ ಮೊದಲು ಕಲಿಸಬೇಕಾದ್ದು ಸವಾರಿಯಲ್ಲ.

ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಹಿಂದಿನಿಂದ ಸದ್ದಿಲ್ಲದೆ ಬರಬಾರದು. ಮಧ್ಯಾಹ್ನ ನೆರಳಲ್ಲಿ ಕೂತು ಕುದುರೆಯ ಉಸಿರು ಎಣಿಸುವ ಕೆಲಸವನ್ನು ಅವರಿಗೇ ಕೊಡಿ. ನಮಗಿಂತ ಚೆನ್ನಾಗಿ ಮಾಡುತ್ತಾರೆ.

10. ಭರಣಿ ಮಳೆಯ ಹಸಿರಿಗೆ ಒಮ್ಮೆಲೇ ಬಿಡಬೇಡಿ.

ಒಣ ಹುಲ್ಲಿಗೆ ಒಗ್ಗಿದ ಕರುಳಿಗೆ ಎಳೆ ಹುಲ್ಲಿನ ಸಕ್ಕರೆ ಹೆಚ್ಚಾಗಿ ಸಿಕ್ಕರೆ ಹೊಟ್ಟೆನೋವು ಬರಬಹುದು, ಗೊರಸಿನೊಳಗೆ ಉರಿಯೂತವೂ ಏಳಬಹುದು. ಮೊದಲ ದಿನ ಅರ್ಧ ಗಂಟೆ, ಅದೂ ಒಣ ಮೇವು ತಿನ್ನಿಸಿದ ಮೇಲೆ. ಆಮೇಲೆ ಎರಡು ವಾರದಲ್ಲಿ ನಿಧಾನವಾಗಿ ಏರಿಸಿ. ದಿನವೂ ಬೆಳಿಗ್ಗೆ ನಾಲ್ಕೂ ಗೊರಸು ಮುಟ್ಟಿ ನೋಡಿ. ಬಿಸಿಯಾಗಿದ್ದು, ಕುದುರೆ ಮುಂಗಾಲು ಮುಂದೆ ಚಾಚಿ ಭಾರವನ್ನು ಹಿಂಗಾಲಿಗೆ ಬಿಟ್ಟು ನಿಂತಿದ್ದರೆ ಹಸಿರು ನಿಲ್ಲಿಸಿ, ಮೆತ್ತನೆಯ ಮರಳಿನ ಮೇಲೆ ನಿಲ್ಲಿಸಿ, ಗೊರಸಿಗೆ ಐಸ್ ನೀರು ಕೊಟ್ಟು ಅಂದೇ ಡಾಕ್ಟರನ್ನು ಕರೆಸಿ. ಹಸುಗಳನ್ನು ಬೇಕಾದರೆ ಅದೇ ದಿನ ಹೊಲಕ್ಕೆ ಬಿಡಬಹುದು.